ರೊಟ್ಟಿಯೋ ಅನ್ನವೋ, ಕೆರೆಯ ಸುತ್ತೋ ಜಿಮ್ಮೋ: ಕಲಬುರಗಿಯವರಿಗೊಂದು ತೂಕದ ಲೆಕ್ಕ

ಕಲಬುರಗಿಯಲ್ಲಿ ಮಳೆಗೆ ಬರ ಬರಬಹುದು, ಸಲಹೆಗೆ ಬರುವುದಿಲ್ಲ. ತೂಕ ಇಳಿಸಬೇಕು ಎಂದು ಒಮ್ಮೆ ಬಾಯಿ ಬಿಟ್ಟರೆ ಸಾಕು, ರಾತ್ರಿ ಅನ್ನ ಬಿಡಿ ಎಂದು ಒಬ್ಬರು, ಅಪ್ಪನ ಕೆರೆ ಸುತ್ತಿ ಎಂದು ಇನ್ನೊಬ್ಬರು, ಪ್ರೊಟೀನ್ ಪೌಡರ್ ಕುಡಿದು ಭಾರ ಎತ್ತಿ ಎಂದು ಪಕ್ಕದ ಮನೆಯ ಹುಡುಗ, ಮಧ್ಯಾಹ್ನದವರೆಗೆ ಏನೂ ತಿನ್ನಬೇಡಿ ಎಂದು ಮೊಬೈಲ್. ಒಬ್ಬೊಬ್ಬರ ಮಾತಿನಲ್ಲೂ ಒಂದಿಷ್ಟು ನಿಜವಿದೆ. ಆದರೆ ನಿಮಗೆ ಇಳಿಯಬೇಕಾದದ್ದು ಏನು ಎಂದು ಇವರಲ್ಲಿ ಯಾರೂ ಕೇಳುವುದಿಲ್ಲ. ತೂಕವೋ, ಹೊಟ್ಟೆಯೋ, ರಕ್ತದ ಸಕ್ಕರೆಯೋ, ಮಂಡಿನೋವೋ? ಒಂದೊಂದಕ್ಕೂ ದಾರಿ ಬೇರೆ, ಬೇಕಾಗುವ ಕಾಲವೂ ಬೇರೆ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಕೆಳಗಿನ ಲೆಕ್ಕ ನೋಡಿ ಜಗಳಕ್ಕೆ ಬರಬಹುದು. ತೂಕ ಇಳಿಸುವುದರಲ್ಲಿ ದೊಡ್ಡ ಪಾಲು ತಟ್ಟೆಯದು. ಇಳಿದದ್ದನ್ನು ಉಳಿಸಿಕೊಳ್ಳುವುದರಲ್ಲಿ, ಸಕ್ಕರೆ ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿ ಇಡುವುದರಲ್ಲಿ ದೊಡ್ಡ ಪಾಲು ಕೈಕಾಲಿನದು. ಇನ್ನು ನಮ್ಮ ಭಾಗದ ತಟ್ಟೆಯಲ್ಲಿ ತಿದ್ದಬೇಕಾದದ್ದು ಧಾನ್ಯದ ಜಾತಿಗಿಂತ ಹೆಚ್ಚಾಗಿ, ಧಾನ್ಯದ ಜೊತೆಗೆ ಕೂರುವ ಪದಾರ್ಥಗಳನ್ನು.

ತಕ್ಕಡಿಯೋ ಟೇಪೋ

ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. 165 ಸೆಂ.ಮೀ. ಎತ್ತರ, 70 ಕೆಜಿ ತೂಕ ಇದ್ದವರಿಗೆ ಅದು 25.7. ಯುರೋಪಿನವರ ಲೆಕ್ಕದಲ್ಲಿ ಇವರು ತುಸು ದಪ್ಪ, ಅಷ್ಟೇ. ಭಾರತೀಯರಿಗೆ ಗೆರೆ ಕೆಳಗಿದೆ: 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಅದೇ ತೂಕಕ್ಕೆ ನಮ್ಮವರ ಮೈಯಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ, ಅದರಲ್ಲೂ ಕೊಬ್ಬು ಹೊಟ್ಟೆಯೊಳಗೇ ಕೂರುವುದು ಇದಕ್ಕೆ ಕಾರಣ. ಹಾಗಾಗಿ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ದರ್ಜಿಯ ಟೇಪನ್ನೇ ಆರಿಸಿಕೊಳ್ಳುತ್ತೇನೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಬೇಕು. ಪ್ಯಾಂಟಿನ ಅಳತೆಯನ್ನು ನಂಬಬೇಡಿ, ಹೊಟ್ಟೆಯ ಕೆಳಗೆ ಪ್ಯಾಂಟು ಕಟ್ಟುವವರ ಅಳತೆ ಇಪ್ಪತ್ತು ವರ್ಷವಾದರೂ ಬದಲಾಗುವುದಿಲ್ಲ.

ತೂಕ ಮತ್ತು ಆರೋಗ್ಯ ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳಲ್ಲ. ಚೆನ್ನೈನ ಸಂಶೋಧಕರು ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಊಟ ತಿದ್ದಿಕೊಂಡು ನಡಿಗೆ ರೂಢಿಸಿಕೊಂಡ ಗುಂಪಿನಲ್ಲಿ ಮಧುಮೇಹಕ್ಕೆ ಜಾರುವ ಅಪಾಯ ಶೇ. 28.5ರಷ್ಟು ತಗ್ಗಿತ್ತು. ಸೋಜಿಗವೆಂದರೆ ಅವರ ತೂಕದಲ್ಲಿ ಹೇಳಿಕೊಳ್ಳುವಂತಹ ಇಳಿಕೆ ಇರಲಿಲ್ಲ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಇದೇ ಬಗೆಯ ಅಧ್ಯಯನದಲ್ಲಿ ಶೇ. 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಅಪಾಯ ಶೇ. 58ರಷ್ಟು ಇಳಿಯಿತು. ತೂಕವೂ ಇಳಿದರೆ ಲಾಭ ದೊಡ್ಡದು, ಸರಿ. ಆದರೆ ಎರಡು ತಿಂಗಳು ನಡೆದರೂ ಮುಳ್ಳು ಅಲ್ಲಾಡಲಿಲ್ಲ ಎಂದು ಬೂಟು ಮೂಲೆಗೆ ಎಸೆಯುವವರು ಈ ಎರಡು ವರದಿಗಳನ್ನು ಜೊತೆಗೆ ಇಟ್ಟು ನೋಡಬೇಕು.

ಊಟ ತಗ್ಗಿಸುವುದೋ, ನಡಿಗೆ ಹೆಚ್ಚಿಸುವುದೋ

ಎಪ್ಪತ್ತು ಕೆಜಿ ತೂಕದವರು ಗಂಟೆಗೆ ಐದು ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ನಡೆದರೆ ಸುಮಾರು 120 ಕ್ಯಾಲರಿ ಖರ್ಚಾಗುತ್ತದೆ. ಅದರಲ್ಲಿ ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದ ಪಾಲೂ ಸೇರಿದೆ. ನಡಿಗೆ ಮುಗಿಸಿ ಬರುವ ದಾರಿಯಲ್ಲಿ ಬಂಡಿಯ ಮುಂದೆ ನಿಂತು ಎರಡು ಮಿರ್ಚಿ ತಿಂದರೆ, ಎಣ್ಣೆ ಹೀರಿದ ಕಡಲೆ ಹಿಟ್ಟಿನ ಲೆಕ್ಕದಲ್ಲಿ ಸುಮಾರು 250 ಕ್ಯಾಲರಿ ಒಳಗೆ ಬಂತು. ಮೇಲೆ ಎರಡು ಚಮಚ ಸಕ್ಕರೆಯ ಚಹಾ. ಒಂದು ಗಂಟೆ ನಡೆದು ಗಳಿಸಿದ್ದು ಐದು ನಿಮಿಷದಲ್ಲಿ ಹೋಯಿತು. ಬೆಳಗಿನ ಹೊತ್ತು ಕೆರೆಯ ದಂಡೆಯಲ್ಲಿ ನಡೆಯುವವರೂ ತಿಂಡಿ ಬಂಡಿಗಳ ಮುಂದೆ ನಿಂತವರೂ ಬಹುಮಟ್ಟಿಗೆ ಒಂದೇ ಜನ. ಇದು ವ್ಯಂಗ್ಯವಲ್ಲ, ನಡೆದ ಮೇಲೆ ಹಸಿವಾಗುವುದು ಸಹಜ.

ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ಕೇವಲ ನಡಿಗೆಯಿಂದ ಅದನ್ನು ಕರಗಿಸಬೇಕೆಂದರೆ ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳಿಗೂ ಹೆಚ್ಚು ಬೇಕು, ಅದೂ ತಟ್ಟೆಗೆ ಒಂದು ತುತ್ತೂ ಹೆಚ್ಚು ಬೀಳದಿದ್ದರೆ. ತಟ್ಟೆಯ ಕಡೆಯಿಂದ ನೋಡಿ: ದಿನಕ್ಕೆ ನಾಲ್ಕು ಚಹಾ ಕುಡಿಯುವವರು ಪ್ರತಿ ಕಪ್ಪಿಗೆ ಎರಡು ಚಮಚ ಸಕ್ಕರೆ ಬಿಟ್ಟರೆ 160 ಕ್ಯಾಲರಿ ಕೈಬಿಟ್ಟಂತೆ. ಒಗ್ಗರಣೆಗೆ ಸುರಿಯುವ ಎಣ್ಣೆಯಲ್ಲಿ ತಲೆಗೆ ಒಂದು ದೊಡ್ಡ ಚಮಚ ಕಡಿಮೆಯಾದರೆ ಇನ್ನೊಂದು 120. ಬೆವರಿಲ್ಲ, ಬೂಟಿಲ್ಲ, ಹಸಿವೂ ಇಲ್ಲ. ದೇಶದ 2024ರ ಆಹಾರ ಮಾರ್ಗಸೂಚಿ ದಿನಕ್ಕೆ ಸಕ್ಕರೆಯನ್ನು 25ರಿಂದ 30 ಗ್ರಾಂ ಒಳಗೆ, ಉಪ್ಪನ್ನು 5 ಗ್ರಾಂ ಒಳಗೆ ಇಡಲು ಹೇಳುತ್ತದೆ. ಮೇಲಿನ ನಾಲ್ಕು ಚಹಾ ಮಾತ್ರವೇ 40 ಗ್ರಾಂ ಸಕ್ಕರೆ. ಬಿಸಿಲಿಗೆಂದು ಕುಡಿಯುವ ತಂಪು ಪಾನೀಯದ ಒಂದು ಸಣ್ಣ ಬಾಟಲಿ ಇನ್ನೊಂದು 30 ಗ್ರಾಮಿನಷ್ಟು ತರುತ್ತದೆ. ಬಾಯಾರಿಕೆಗೆ ಮಜ್ಜಿಗೆ ಇರುವ ಊರಿನಲ್ಲಿ ಇದು ಬೇಕಿತ್ತೇ?

ಹಾಗಾದರೆ ನಡಿಗೆ ಏಕೆ? ಕಾರಣಗಳು ಎರಡು. ಸ್ನಾಯು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ಊಟದ ನಂತರದ ಹತ್ತು ಹದಿನೈದು ನಿಮಿಷದ ನಡಿಗೆಗೂ ಈ ಗುಣವಿದೆ. ರಕ್ತದೊತ್ತಡ, ನಿದ್ದೆ, ಮನಸ್ಸು, ಎಲ್ಲಕ್ಕೂ ಇದರ ಲಾಭ ತಟ್ಟುತ್ತದೆ, ತೂಕ ಇಳಿಯಲಿ ಬಿಡಲಿ. ಎರಡನೆಯದು, ಇಳಿದ ತೂಕವನ್ನು ಕಾಯುವ ಕೆಲಸ. ಮೈ ಹಗುರಾದಂತೆ ಅದರ ದಿನದ ಖರ್ಚೂ ತಗ್ಗುತ್ತದೆ, ಹಸಿವು ಮಾತ್ರ ಏರುತ್ತದೆ. ಅಮೆರಿಕದಲ್ಲಿ 1994ರಿಂದ, ತೂಕ ಇಳಿಸಿ ವರ್ಷಗಟ್ಟಲೆ ಉಳಿಸಿಕೊಂಡವರ ದಾಖಲೆಯೊಂದನ್ನು ಇಡುತ್ತಿದ್ದಾರೆ. ಅದರಲ್ಲಿರುವ ಹೆಚ್ಚಿನವರು ದಿನಕ್ಕೆ ಒಂದು ಗಂಟೆಯಷ್ಟು ವ್ಯಾಯಾಮ ಮಾಡುವವರು. ಇಳಿಸುವ ತಿಂಗಳುಗಳಲ್ಲಿ ಊಟಕ್ಕೆ ಒತ್ತು ಕೊಡಿ, ನಡಿಗೆಯನ್ನು ಆಗಲೇ ರೂಢಿ ಮಾಡಿಕೊಳ್ಳಿ, ಅದರ ನಿಜವಾದ ಕೆಲಸ ಶುರುವಾಗುವುದು ಆಮೇಲೆ.

ಜೋಳ, ಅಕ್ಕಿ, ಗೋಧಿ, ಸಜ್ಜೆ

ಇಲ್ಲಿ ಜಗಳ ಖಚಿತ. ರೊಟ್ಟಿ ತಿಂದರೆ ದಪ್ಪ ಆಗುವುದಿಲ್ಲ ಎಂಬುದು ನಮ್ಮ ಭಾಗದ ನಂಬಿಕೆ, ಬೆಂಗಳೂರಿನಿಂದ ಬಂದ ಅಳಿಯಂದಿರಿಗೂ ಅದನ್ನೇ ಹೇಳಿ ಐದನೆಯ ರೊಟ್ಟಿ ಬಡಿಸುತ್ತೇವೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಆಹಾರ ಕೋಷ್ಟಕವನ್ನು ತೆರೆದರೆ ಕಾಣುವುದು ಬೇರೆ. 100 ಗ್ರಾಂ ಜೋಳದಲ್ಲಿ 334 ಕ್ಯಾಲರಿ, ಅಕ್ಕಿಯಲ್ಲಿ 356, ಗೋಧಿ ಹಿಟ್ಟಿನಲ್ಲಿ 320, ಸಜ್ಜೆಯಲ್ಲಿ 348. ಹತ್ತಿಪ್ಪತ್ತು ಕ್ಯಾಲರಿಯ ವ್ಯತ್ಯಾಸಕ್ಕೆ ಯಾರ ಹೊಟ್ಟೆಯೂ ಕರಗುವುದಿಲ್ಲ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿ ಸುಮಾರು 170 ಕ್ಯಾಲರಿ. ಮೂರು ರೊಟ್ಟಿ ತಿಂದವರೂ ನೂರೈವತ್ತು ಗ್ರಾಂ ಅಕ್ಕಿಯ ಅನ್ನ ಉಂಡವರೂ ಸರಿಸುಮಾರು ಒಂದೇ ಕಡೆ ನಿಲ್ಲುತ್ತಾರೆ.

ವ್ಯತ್ಯಾಸ ಇರುವುದು ನಾರಿನಲ್ಲಿ. ಜೋಳ, ಗೋಧಿ, ಸಜ್ಜೆ ಮೂರರಲ್ಲೂ 100 ಗ್ರಾಮಿಗೆ 10 ಗ್ರಾಂ ಆಸುಪಾಸಿನ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಸಕ್ಕರೆ ಏರುವ ವೇಗವನ್ನು ತಗ್ಗಿಸುತ್ತದೆ. ಇದಕ್ಕಿಂತಲೂ ನನಗೆ ಮುಖ್ಯವಾಗಿ ಕಾಣುವುದು ತಿನ್ನುವ ರೀತಿ. ರೊಟ್ಟಿಗೆ ಎಣಿಕೆ ಇದೆ, ಅನ್ನಕ್ಕೆ ಇಲ್ಲ. ಎರಡು ಸಾಕು ಎಂದವರ ತಟ್ಟೆಗೆ ಮೂರನೆಯ ರೊಟ್ಟಿ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಸಾರಿಗೊಂದಿಷ್ಟು, ಮೊಸರಿಗೊಂದಿಷ್ಟು ಎಂದು ಬೀಳುವ ಅನ್ನ ಎಷ್ಟಾಯಿತು ಎಂದು ಬಡಿಸಿದವರಿಗೂ ಗೊತ್ತಿರುವುದಿಲ್ಲ. ಅದರಲ್ಲೂ ಕಡಕ್ ರೊಟ್ಟಿಯನ್ನು ಅಗಿಯದೆ ನುಂಗಲಾಗದು, ಅಗಿದು ತಿನ್ನುವವರು ನಿಧಾನವಾಗಿ ತಿನ್ನುತ್ತಾರೆ. ಬೇಯಿಸಲು ಎಣ್ಣೆಯ ಹನಿಯೂ ಬೇಡ. ಚಪಾತಿಯ ಮಡಿಕೆಗೆ ಹಚ್ಚುವ ಎಣ್ಣೆ, ಮೇಲೆ ಸವರುವ ತುಪ್ಪ ಲೆಕ್ಕಕ್ಕೆ ಬಂದರೆ ಗೋಧಿ ಹಿಂದೆ ಬೀಳುವುದು ಅಲ್ಲಿಯೇ.

ನಮ್ಮಲ್ಲಿ ಹೆಚ್ಚಿನ ಮನೆಗಳ ತೊಂದರೆ ರೊಟ್ಟಿಯೋ ಅನ್ನವೋ ಎಂಬುದಲ್ಲ, ರೊಟ್ಟಿಯೂ ಅನ್ನವೂ ಎಂಬುದು. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. 2013ರಿಂದ ಅನ್ನಭಾಗ್ಯದ ಅಕ್ಕಿ ಬಿಪಿಎಲ್ ಚೀಟಿ ಇರುವವರ ಮನೆಗೆ ಬಂತು. ಹಸಿವಿಗೆ ಅದು ದೊಡ್ಡ ಆಸರೆ, ಅದರ ಬಗ್ಗೆ ಹೊಟ್ಟೆ ತುಂಬಿದವರು ಮೂಗು ಮುರಿಯುವುದು ಸಲ್ಲದು. ಆದರೆ ಕೂತು ದುಡಿಯುವವರ ಮನೆಯಲ್ಲಿ ರೊಟ್ಟಿಯ ಜಾಗಕ್ಕೆ ಅನ್ನ ಬರಲಿಲ್ಲ, ರೊಟ್ಟಿಯ ಮೇಲೆ ಅನ್ನ ಬಂತು. ಎರಡರಲ್ಲಿ ಒಂದನ್ನು ಒಂದು ಹೊತ್ತಿಗೆ ಆರಿಸಿಕೊಳ್ಳುವುದೇ ಈ ಇಡೀ ಲೇಖನದಲ್ಲಿ ನಾನು ಕೊಡುವ ಅತ್ಯಂತ ಅಗ್ಗದ ಸಲಹೆ.

ಇನ್ನು ರೊಟ್ಟಿಯ ಭಕ್ತರಿಗೆ ಒಂದು ಹಳೆಯ ಕಥೆ. 1960ರ ಸುಮಾರಿಗೆ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ದಖ್ಖನ್ನಿನ ಬಡ ಕೂಲಿಗಳಲ್ಲಿ ಪೆಲಾಗ್ರಾ ಎಂಬ ರೋಗವನ್ನು ಅಧ್ಯಯನ ಮಾಡಿದರು. ಚರ್ಮ ಕಪ್ಪಾಗಿ ಬಿರಿಯುವ, ಬುದ್ಧಿಯನ್ನೂ ಕೆಡಿಸುವ ರೋಗ ಅದು. ರೋಗಿಗಳು ಬಹುತೇಕ ಜೋಳವನ್ನೇ ತಿಂದು ಬದುಕುವವರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿರುವುದಕ್ಕೂ ಇದಕ್ಕೂ ನಂಟಿದೆ ಎಂದು ಅವರು ವಾದಿಸಿದರು. ಜೋಳ ಕೆಟ್ಟದ್ದೆಂದು ಇದರ ಅರ್ಥವಲ್ಲ. ಒಣ ರೊಟ್ಟಿಯೊಂದೇ ಊಟವಲ್ಲ, ಅಷ್ಟೇ. ಬೇಳೆ, ಶೇಂಗಾ, ಸೊಪ್ಪು, ಮೊಸರು ಜೊತೆಗಿದ್ದಾಗ ಅದು ಊಟವಾಗುತ್ತದೆ.

ಈ ವಿಷಯದಲ್ಲಿ ಎಳ್ಳಮಾವಾಸ್ಯೆಯ ಬುತ್ತಿಯನ್ನು ಯಾವ ಆಹಾರ ತಜ್ಞರ ಮುಂದೆಯೂ ಧೈರ್ಯವಾಗಿ ಬಿಚ್ಚಿಡಬಹುದು. ಹಸಿ ಕಾಳು, ಸೊಪ್ಪು, ಕಾಯಿಪಲ್ಯ ಎಲ್ಲ ಸೇರಿಸಿ ಬೇಯಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕುಡಿಯಲು ಅಂಬಲಿ. ಶೇಂಗಾ ಹೋಳಿಗೆ ಎರಡಕ್ಕೆ ನಿಲ್ಲಿಸುವ ಸಂಯಮ ಇದ್ದರೆ ಅದಕ್ಕಿಂತ ಒಳ್ಳೆಯ ತಟ್ಟೆ ನನಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಹೊಲದಲ್ಲಿ ಕೂತು ಉಣ್ಣುವ ಆ ಭಜ್ಜಿಯನ್ನು ವಾರಕ್ಕೆ ಎರಡು ಸಲ ಮನೆಯಲ್ಲೂ ಮಾಡಲು ಅಡ್ಡಿ ಏನು?

ಹಿಂಡಿಗಳ, ಅಂದರೆ ಚಟ್ನಿಪುಡಿಗಳ, ಬಗ್ಗೆ ಚುಟುಕಾಗಿ: ಶೇಂಗಾ ಹಿಂಡಿಯೋ ಅಗಸಿ ಹಿಂಡಿಯೋ ಎಂದರೆ ಕ್ಯಾಲರಿಯಲ್ಲಿ ಅಂಥ ಭಾರೀ ಅಂತರವಿಲ್ಲ, ಇಪ್ಪತ್ತು ಗ್ರಾಮಿಗೆ ಎರಡೂ ನೂರರ ಹತ್ತಿರ. ಅಗಸಿಯಲ್ಲಿ ಒಮೇಗಾ-3 ಜಾತಿಯ ಕೊಬ್ಬು ಧಾರಾಳವಾಗಿದೆ, ಶೇಂಗಾದಲ್ಲಿ ಅದು ಇಲ್ಲ. ಎರಡನ್ನೂ ಸರದಿಯಂತೆ ತಿನ್ನಿ, ಕಲಸಲು ಹಸಿ ಎಣ್ಣೆಯ ಬದಲು ಗಟ್ಟಿ ಮೊಸರು ಹಾಕಿಕೊಳ್ಳಿ. ಬದನೆಕಾಯಿ ಎಣ್ಣೆಗಾಯಿಯ ಹೆಸರಿನಲ್ಲೇ ಎಣ್ಣೆ ಇದೆ, ಅದಕ್ಕೆ ವಿವರಣೆ ಬೇಡ. ಪುಂಡಿ ಪಲ್ಯಕ್ಕೆ ಅಷ್ಟು ಎಣ್ಣೆ ಬೇಕಿಲ್ಲ, ಅದರೊಳಗೆ ಜೋಳದ ನುಚ್ಚು, ಬೇಳೆ ಎರಡೂ ಸೇರುತ್ತವೆ.

ಸಿರಿಧಾನ್ಯದ ಬಿಸ್ಕತ್ತು, ಸಿರಿಧಾನ್ಯದ ನೂಡಲ್ಸು ಎಂದು ಪೊಟ್ಟಣದ ಮೇಲೆ ಬರೆದುಕೊಂಡು ಬರುವ ಸರಕು ಬೇರೆಯೇ ಜಾತಿ. ಅದರ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಎಷ್ಟನೆಯ ಸಾಲಿನಲ್ಲಿವೆ ನೋಡಿ. 2019ರಲ್ಲಿ ಅಮೆರಿಕದಲ್ಲಿ ಇಪ್ಪತ್ತು ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಮನೆಯಡುಗೆಯಂತಹ ಊಟ ಕೊಟ್ಟು ನೋಡಿದರು. ಬಡಿಸಿಟ್ಟದ್ದರಲ್ಲಿ ಸಕ್ಕರೆ, ಕೊಬ್ಬು, ನಾರು ಎರಡೂ ಕಡೆ ಸರಿಸಮವಾಗಿದ್ದವು. ಹೊಟ್ಟೆ ತುಂಬುವಷ್ಟು ತಿನ್ನಿ ಎಂದಾಗ ಕಾರ್ಖಾನೆಯ ತಿನಿಸಿನಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ಒಳಗೆ ಹೋಯಿತು, ಎರಡು ವಾರದಲ್ಲಿ ಸುಮಾರು ಒಂದು ಕೆಜಿ ತೂಕ ಏರಿತು.

ಬೇಳೆ, ಮೊಟ್ಟೆ, ಪೌಡರ್

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ತೊಗರಿಯ ಕಣಜ ಎಂದು ಭಾಷಣಗಳಲ್ಲಿ ಹೆಮ್ಮೆಪಡುತ್ತೇವೆ, ಮನೆಯಲ್ಲಿ ಬೇಳೆಯ ತಿಳಿ ಕುಡಿಯುತ್ತೇವೆ. ಐದು ಜನರ ಸಾರಿಗೆ ಒಂದು ಹಿಡಿ ಬೇಳೆ ಹಾಕಿದರೆ ತಲೆಗೆ ಬರುವುದು ಹತ್ತು ಗ್ರಾಂ, ಅದರಲ್ಲಿ ಪ್ರೊಟೀನ್ ಎರಡು ಗ್ರಾಂ. ಬೇಳೆ ತುಟ್ಟಿ ಎಂಬುದು ನಿಜ, ಆದರೆ ಅದೇ ಮನೆಯ ಚಹಾಪುಡಿ, ಸಕ್ಕರೆ, ಬಿಸ್ಕತ್ತಿನ ಖರ್ಚನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ವಯಸ್ಕರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೊಟೀನ್ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ. 60 ಕೆಜಿ ಇದ್ದವರಿಗೆ 50 ಗ್ರಾಂ. ತೂಕ ಇಳಿಸುತ್ತಿರುವವರಿಗೆ ಇದಕ್ಕಿಂತ ತುಸು ಹೆಚ್ಚಿದ್ದರೆ ಒಳ್ಳೆಯದು, ಏಕೆಂದರೆ ಊಟ ತಗ್ಗಿಸಿದಾಗ ಕರಗುವುದು ಕೊಬ್ಬೊಂದೇ ಅಲ್ಲ, ಸ್ನಾಯುವೂ ಕರಗುತ್ತದೆ. ದಿನಕ್ಕೆ ನಾಲ್ಕು ರೊಟ್ಟಿ ತಿಂದರೆ 20 ಗ್ರಾಂ ಪ್ರೊಟೀನ್ ಅಲ್ಲಿಯೇ ಬಂತು. ಮುದ್ದೆಯಾಗಿ ಬೇಯಿಸಿದ ಅರವತ್ತು ಗ್ರಾಂ ಬೇಳೆ ಅಥವಾ ಕಾಳಿನಿಂದ 13. ಎರಡು ಬಟ್ಟಲು ಮೊಸರಿನಿಂದ 6ರಿಂದ 8. ಒಂದು ಹಿಡಿ ಶೇಂಗಾದಿಂದ 7. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆಯಿಂದ 12 ಗ್ರಾಂ, ಸುಮಾರು 150 ಕ್ಯಾಲರಿಗೆ. ಅಲ್ಲಿಗೆ ಮೊಟ್ಟೆ ಇಲ್ಲದೆಯೂ ಲೆಕ್ಕ ಐವತ್ತರ ಹತ್ತಿರ ಬಂತು, ಮೊಟ್ಟೆ ಸೇರಿದರೆ ಐವತ್ತು ದಾಟಿತು, ಡಬ್ಬಿಯ ಪೌಡರ್ ಎಲ್ಲಿಯೂ ಬರಲಿಲ್ಲ.

ಪೌಡರ್ ವಿಷವಲ್ಲ, ಹಾಲಿನಿಂದ ತೆಗೆದ ಪ್ರೊಟೀನ್ ಅಷ್ಟೇ. ದಿನವೂ ಭಾರ ಎತ್ತುವ, ಹಾಸ್ಟೆಲಿನ ತಿಳಿಸಾರಿನಲ್ಲಿ ದಿನ ದೂಡುವ ಹುಡುಗನಿಗೆ ಅನುಕೂಲವಾಗಬಹುದು. ಉಳಿದವರಿಗೆ ಅದು ಮೊಟ್ಟೆಗಿಂತ, ಕಾಳಿಗಿಂತ ದುಬಾರಿಯಾದ ಅದೇ ಪದಾರ್ಥ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಬೇಳೆಯನ್ನಾಗಲಿ ಪೌಡರನ್ನಾಗಲಿ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಯಾವ ಪಥ್ಯ

ಪಿಷ್ಟ ಬಿಡುವುದೋ, ಕೊಬ್ಬು ಬಿಡುವುದೋ ಎಂಬ ಜಗಳಕ್ಕೆ 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಂದು ಉತ್ತರ ಕೊಟ್ಟರು. 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಕೊಬ್ಬು ತಗ್ಗಿಸಿದವರು ಸರಾಸರಿ 5.3 ಕೆಜಿ, ಪಿಷ್ಟ ತಗ್ಗಿಸಿದವರು 6 ಕೆಜಿ ಇಳಿದರು, ಇದು ವ್ಯತ್ಯಾಸವೇ ಅಲ್ಲ ಎಂದು ಲೆಕ್ಕಶಾಸ್ತ್ರ ಹೇಳಿತು. ಹೊತ್ತು ನೋಡಿ ಉಣ್ಣುವ ಪದ್ಧತಿಗೂ ಅದೇ ಗತಿ. ಚೀನಾದ ಗುವಾಂಗ್‌ಝೌದಲ್ಲಿ 139 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಊಟ ಮುಗಿಸಿದವರೂ ಮನಬಂದ ಹೊತ್ತಿಗೆ ಉಂಡವರೂ ಸಮಾನ ಕ್ಯಾಲರಿ ತಗ್ಗಿಸಿದಾಗ ವರ್ಷದ ಕೊನೆಗೆ ಹೆಚ್ಚುಕಡಿಮೆ ಸಮಾನವಾಗಿಯೇ ಇಳಿದಿದ್ದರು.

ಹಾಗಾಗಿ ಆಯ್ಕೆ ನಿಮ್ಮ ಮನೆಯ ಅಡುಗೆಮನೆಗೆ ಹೊಂದಬೇಕು. ರಾತ್ರಿ ಹತ್ತಕ್ಕೆ ಅಂಗಡಿಯ ಶಟರ್ ಎಳೆದು ಮನೆಗೆ ಬಂದು ಉಣ್ಣುವವರಿಗೆ ಸಂಜೆ ಏಳರೊಳಗೆ ಊಟ ಎಂಬ ನಿಯಮ ಒಂದು ವಾರವೂ ನಡೆಯುವುದಿಲ್ಲ. ಅವರಿಗೆ ಸಂಜೆ ಆರಕ್ಕೆ ಅಂಗಡಿಯಲ್ಲೇ ಬೇಯಿಸಿದ ಹೆಸರುಕಾಳು ಅಥವಾ ಮಡಕೆ ಕಾಳಿನ ಉಸುಳಿ, ರಾತ್ರಿ ಒಂದು ರೊಟ್ಟಿ, ಪಲ್ಯ. ಹಿಟ್ಟು ತಿನ್ನುವುದನ್ನು ಪೂರ್ತಿ ಬಿಡುವ ಪದ್ಧತಿ ಕಲಬುರಗಿಯಲ್ಲಿ ಬಾಳುವುದು ಕಷ್ಟ. ರೊಟ್ಟಿ ಬಿಟ್ಟವರಿಗೆ ಪಲ್ಯ ಯಾವುದರ ಜೊತೆ ತಿನ್ನಬೇಕೆಂದು ತೋಚುವುದಿಲ್ಲ, ನಾಲ್ಕನೆಯ ವಾರಕ್ಕೆ ತಹರಿ ಎಂಬ ಮಸಾಲೆ ಅನ್ನದ ತಟ್ಟೆಯ ಮುಂದೆ ಸಿಗುತ್ತಾರೆ.

ಉಪವಾಸದ ಬಗ್ಗೆ ಎಚ್ಚರವಿರಲಿ. ಶ್ರಾವಣ ಸೋಮವಾರದ ಹೆಸರಿನಲ್ಲಿ ತಿನ್ನುವ ಸಾಬುದಾಣಿ ಖಿಚಡಿ ಬಹುತೇಕ ಬರೀ ಪಿಷ್ಟ, ಮೇಲೆ ಎಣ್ಣೆ ಮತ್ತು ಶೇಂಗಾ. ಅಂದು ಉಪವಾಸವಿರುವುದು ನಾಲಿಗೆ, ಹೊಟ್ಟೆಯಲ್ಲ. ಸೋಮವಾರದ ಉಪವಾಸವಿರಲಿ, ರಂಜಾನ್ ರೋಜಾ ಇರಲಿ, ಇನ್ಸುಲಿನ್ ತೆಗೆದುಕೊಳ್ಳುವವರೂ ಸಕ್ಕರೆ ಇಳಿಸುವ ಮಾತ್ರೆ ನುಂಗುವವರೂ ಮೊದಲೇ ವೈದ್ಯರ ಬಳಿ ಹೋಗಿ ಔಷಧದ ಪ್ರಮಾಣ, ಹೊತ್ತು ಎರಡನ್ನೂ ಕೇಳಿಕೊಳ್ಳಬೇಕು. ಹೊಟ್ಟೆ ಖಾಲಿ ಇದ್ದು ಮಾತ್ರೆ ಮಾತ್ರ ಒಳಗೆ ಹೋದರೆ ಸಕ್ಕರೆ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಆಗುತ್ತದೆ.

ಕೆರೆಯ ದಂಡೆ, ಜಿಮ್, ಮನೆಯ ಅಂಗಳ

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂತಹ ಚಟುವಟಿಕೆ ಬೇಕೆನ್ನುತ್ತದೆ, ಅದರ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ಮೊದಲ ಅರ್ಧ ಎಲ್ಲರಿಗೂ ಗೊತ್ತು, ಎರಡನೆಯದನ್ನು ಜಿಮ್ಮಿನ ಹುಡುಗರಿಗೆ ಬಿಟ್ಟುಕೊಟ್ಟಿದ್ದೇವೆ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತ ಹೋಗುತ್ತದೆ. ನೆಲದಿಂದ ಕೈಯೂರದೆ ಏಳಲಾಗದ ಅಜ್ಜಿಗೆ ಬೇಕಾಗಿರುವುದು ಇನ್ನೊಂದು ಸುತ್ತು ನಡಿಗೆಯಲ್ಲ, ತೊಡೆಯ ಬಲ.

ನಡಿಗೆಯ ದೊಡ್ಡ ಗುಣ, ಅದು ಪುಕ್ಕಟೆ ಮತ್ತು ಸಂಗ ಸಿಗುತ್ತದೆ. ಅಪ್ಪನ ಕೆರೆಯ ದಂಡೆ, ಸಾರ್ವಜನಿಕ ಉದ್ಯಾನ, ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಎಲ್ಲ ಕಡೆ ಬೆಳಗಿನ ಗುಂಪುಗಳಿವೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಇರಲಿ. ರಾಜಕೀಯ ಚರ್ಚೆಗೆ ಪ್ರತಿ ನೂರು ಹೆಜ್ಜೆಗೆ ನಿಲ್ಲುವ ಗುಂಪಿನಿಂದ ದೂರವಿರಿ. ನಡಿಗೆಯ ಶತ್ರು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ, ಬೆಳಿಗ್ಗೆ ಏಳೂವರೆಗೇ ನೆತ್ತಿ ಸುಡುತ್ತದೆ. ಬೀದರಿನವರು ಎತ್ತರದ ನೆಲದಲ್ಲಿರುವುದರಿಂದ ಈ ವಿಷಯದಲ್ಲಿ ತುಸು ಪುಣ್ಯವಂತರು. ಕಲಬುರಗಿ, ಯಾದಗಿರಿಯವರು ಬೇಸಿಗೆಯಲ್ಲಿ ಐದೂವರೆಗೆ ಹೊರಡಬೇಕು, ಇಲ್ಲವೇ ಆ ಎರಡು ತಿಂಗಳು ಮನೆಯೊಳಗಿನ ವ್ಯಾಯಾಮಕ್ಕೆ ಬದಲಾಯಿಸಿಕೊಳ್ಳಬೇಕು. ಮೊದಲೇ ಹೀಗೆ ಯೋಜಿಸದವರ ನಡಿಗೆ ಯುಗಾದಿಗೆ ನಿಂತರೆ ದಸರೆಗೂ ಶುರುವಾಗುವುದಿಲ್ಲ.

ಜಿಮ್ಮಿನ ಗುಣ, ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಬಹುದು ಮತ್ತು ಬಿಸಿಲಿನ ಹಂಗಿಲ್ಲ. ಸೇರುವ ಮುಂಚೆ ಕಲಿಸುವವರು ಹೊಸಬರ ಪಕ್ಕದಲ್ಲಿ ನಿಲ್ಲುತ್ತಾರೋ ಮೊಬೈಲ್ ನೋಡುತ್ತಾರೋ ಎಂದು ಒಂದು ಸಂಜೆ ಹೋಗಿ ನೋಡಿ. ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಮಾತಿಗೆ ಬೀಳದೆ ಮೊದಲು ಒಂದು ತಿಂಗಳದ್ದು ಕಟ್ಟಿ. ಹೆಂಗಸರಿಗೆ ಪ್ರತ್ಯೇಕ ಹೊತ್ತು ಇರುವ ಜಾಗ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮನೆಯೇ ಸಾಕು: ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಗೋಡೆಗೆ ಕೈ ಕೊಟ್ಟು ದೂಡುವುದು, ನೀರು ತುಂಬಿದ ಎರಡು ಬಾಟಲಿಗಳನ್ನು ಎತ್ತಿ ಇಳಿಸುವುದು, ಮೆಟ್ಟಿಲು ಹತ್ತುವುದು. ಯೋಗಾಸನ ಸಂದುಗಳಿಗೆ, ಉಸಿರಿಗೆ, ನಿದ್ದೆಗೆ ಒಳ್ಳೆಯದು, ಕ್ಯಾಲರಿ ಖರ್ಚು ಮಾತ್ರ ಕಡಿಮೆ. ಸೂರ್ಯನಮಸ್ಕಾರವನ್ನು ಬಿರುಸಾಗಿ ಮಾಡುವವರು ಬೇರೆ ಲೆಕ್ಕ.

ಮನೆಗೆಲಸವೇ ವ್ಯಾಯಾಮ ಎಂಬ ಮಾತಿಗೆ ಅರ್ಧ ಅಂಕ. ನೀರು ಹೊರುವ, ಬಟ್ಟೆ ಒಗೆಯುವ ಕೆಲಸ ನಿಜಕ್ಕೂ ದುಡಿಮೆ. ಮಿಕ್ಸರ್, ವಾಷಿಂಗ್ ಮಷಿನ್, ಗ್ಯಾಸ್ ಬಂದ ಮನೆಯಲ್ಲಿ ಉಳಿದಿರುವುದು ಹೆಚ್ಚಾಗಿ ನಿಲ್ಲುವ ದಣಿವು.

ಚುಚ್ಚುಮದ್ದು

2025ರಲ್ಲಿ ಟಿರ್ಜೆಪಟೈಡ್ ಮತ್ತು ತೂಕಕ್ಕೆಂದೇ ತಯಾರಾದ ಸೆಮಾಗ್ಲುಟೈಡ್ ಭಾರತದ ಮಾರುಕಟ್ಟೆಗೆ ಬಂದವು. ಹಸಿವನ್ನು ತಗ್ಗಿಸುವ, ವಾರಕ್ಕೊಮ್ಮೆ ತೆಗೆದುಕೊಳ್ಳುವ ಚುಚ್ಚುಮದ್ದುಗಳು ಇವು. ಸೆಮಾಗ್ಲುಟೈಡ್ ಅಧ್ಯಯನದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಯಿತು, ಯಾವ ಪಥ್ಯಕ್ಕೂ ದಕ್ಕದ ಫಲ. ನಿಲ್ಲಿಸಿದವರಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಒಂದು ವರ್ಷದಲ್ಲಿ ಮರಳಿ ಬಂತು. ಬೊಜ್ಜಿನ ಜೊತೆಗೆ ಮಧುಮೇಹ, ರಕ್ತದೊತ್ತಡ ಇದ್ದವರು ಇದರ ಬಗ್ಗೆ ವೈದ್ಯರನ್ನು ಕೇಳುವುದರಲ್ಲಿ ನಾಚಿಕೆ ಬೇಡ. ಮದುವೆಗೆ ಮುಂಚೆ ನಾಲ್ಕು ಕೆಜಿ ಇಳಿಸಲು ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ಕೇಳುವವರು ದಯವಿಟ್ಟು ಸುಮ್ಮನಿರಿ.

ಯಾರಿಗೆ ಯಾವುದು

ನಲವತ್ತೈದರ ವ್ಯಾಪಾರಿ, ಸಕ್ಕರೆ ಗಡಿಯಲ್ಲಿದೆ, ಸೊಂಟ ನೂರು ಸೆಂ.ಮೀ.: ಸಿಹಿ ಚಹಾ ಎರಡಕ್ಕೆ, ಒಂದು ಹೊತ್ತಿಗೆ ರೊಟ್ಟಿ ಇಲ್ಲವೇ ಅನ್ನ, ಎರಡೂ ಊಟದ ನಂತರ ಹದಿನೈದು ನಿಮಿಷ ನಡಿಗೆ. ಶೇ. 5ರಷ್ಟು ತೂಕ ಇಳಿದರೂ ಸಕ್ಕರೆ, ರಕ್ತದೊತ್ತಡ ಎರಡರಲ್ಲೂ ಫಲ ಕಾಣುತ್ತದೆ. ಇವರು ಜಿಮ್ಮನ್ನು ಮೂರು ತಿಂಗಳ ನಂತರ ಯೋಚಿಸಿದರೆ ಸಾಕು.

ಅರವತ್ತು ದಾಟಿದ, ಮಂಡಿ ನೋಯುವ ತಾಯಿ: ಇವರಿಗೆ ದೂರ ನಡೆಯಲು ಒತ್ತಾಯ ಮಾಡಬೇಡಿ. ಒಂದು ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ, ಆದ್ದರಿಂದ ಮೊದಲು ತಟ್ಟೆ, ಕುರ್ಚಿಯಿಂದ ಏಳುವ ಅಭ್ಯಾಸ, ಆಮೇಲೆ ನಡಿಗೆ. ಊಟ ತಗ್ಗಿಸುವಾಗ ಮೊಸರು, ಬೇಳೆ ಮಾತ್ರ ತಗ್ಗದಿರಲಿ. ನಮ್ಮ ಹಿರಿಯ ಹೆಂಗಸರು ಪಥ್ಯ ಎಂದರೆ ಮೊದಲು ಬಿಡುವುದು ಇವೆರಡನ್ನೇ, ಉಪ್ಪಿನಕಾಯಿ ಅನ್ನ ಮಾತ್ರ ಉಳಿಯುತ್ತದೆ.

ಹಾಸ್ಟೆಲಿನ ವಿದ್ಯಾರ್ಥಿ: ಮಿರ್ಚಿಗಿಂತ ಮಂಡಕ್ಕಿಯ ಸುಸಲಾ, ಸುಸಲಾಕ್ಕಿಂತ ಎರಡು ಬೇಯಿಸಿದ ಮೊಟ್ಟೆ. ರಾತ್ರಿ ಎರಡರವರೆಗೆ ಎಚ್ಚರವಿದ್ದು ಬಿಸ್ಕತ್ತು ತಿನ್ನುವವರಿಗೆ ಮೊದಲ ಔಷಧ ನಿದ್ದೆ.

ಚಿಂಚೋಳಿ ಅಥವಾ ಜೇವರ್ಗಿಯ ಕಡೆ ತೊಗರಿ ಹೊಲದಲ್ಲಿ ಕಳೆ ಕೀಳುವ, ನಲವತ್ತು ಕೆಜಿ ತೂಗುವ ಹೆಣ್ಣುಮಗಳು: ಈ ಲೇಖನದ ಇಳಿಸುವ ಮಾತು ಯಾವುದೂ ಇವರಿಗಲ್ಲ. ಇವರಿಗೆ ಬೇಕಿರುವುದು ಹೆಚ್ಚು ಊಟ, ಹೆಚ್ಚು ಬೇಳೆ, ಸೊಪ್ಪಿನ ಜೊತೆ ನಿಂಬೆಹುಳಿ, ಮೊಟ್ಟೆ, ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ. ಒಂದೇ ಮನೆಯಲ್ಲಿ ಮಗನಿಗೆ ಹೊಟ್ಟೆ, ಸೊಸೆಗೆ ರಕ್ತಹೀನತೆ ಇರುವುದು ಅಪರೂಪವಲ್ಲ, ಒಂದೇ ಪಾತ್ರೆಯ ಅಡುಗೆಯನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಬಡಿಸಬೇಕಾಗುತ್ತದೆ.

ಶುರುಮಾಡಿದವರು ವಾರಕ್ಕೊಮ್ಮೆ, ಬೆಳಿಗ್ಗೆ, ಅದೇ ತಕ್ಕಡಿಯ ಮೇಲೆ ತೂಕ ನೋಡಿ, ತಿಂಗಳಿಗೊಮ್ಮೆ ಟೇಪು. ವಾರಕ್ಕೆ ಅರ್ಧ ಕೆಜಿ ಇಳಿದರೆ ಉತ್ತಮ ವೇಗ. ಒಂದು ತಿಂಗಳಾದರೂ ಎರಡೂ ಅಲ್ಲಾಡದಿದ್ದರೆ ಪದ್ಧತಿ ಬದಲಿಸುವ ಮುಂಚೆ ಮನೆಯ ಎಣ್ಣೆ ಡಬ್ಬಿ ಎಷ್ಟು ದಿನಕ್ಕೆ ಖಾಲಿಯಾಗುತ್ತಿದೆ ಎಂದು ನೋಡಿ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ, ನಡೆಯುವಾಗ ಎದೆ ಹಿಡಿದರೆ, ಅಥವಾ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಈ ಲೆಕ್ಕಗಳನ್ನೆಲ್ಲ ಬದಿಗಿಟ್ಟು ಅಂದೇ ವೈದ್ಯರಲ್ಲಿಗೆ ಹೋಗಿ.